ಒಂದೆಳೆ ಇಳಿದಿದೆ

ಬ್ಯಾಂಡು ನಡೆಸುವ ಕೋಲು ಶಾಂತಕುಮಾರಿಯ ಕೈಯಲ್ಲಿತ್ತು. ಚಿಕ್ಕರಂಗಯ್ಯ ಮೇಷ್ಟ್ರು ಹೈಸ್ಕೂಲಿನ ಹಾಲಿನ ಹಿಂಬದಿಯಲ್ಲಿ, ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತಿದ್ದರು. ಇಷ್ಟು ವರ್ಷ ಆ ಹಾಲಿನಲ್ಲಿ ಮಕ್ಕಳಿಗೆ ಎದುರಾಗಿ ನಿಂತವರೇ ಹೊರತು ಹೀಗೆ ಹಿಂದೆ ಕೂತು ತಮ್ಮ ಬ್ಯಾಂಡನ್ನು ತಾವೇ ಕೇಳಿಸಿಕೊಂಡವರಲ್ಲ. ಕಾಮಾಲೆಯಾಗಿ ಎರಡು ತಿಂಗಳು ಮಲಗಿ ಎದ್ದಿದ್ದರು. ಆ ಎರಡು ತಿಂಗಳು ಹುಡುಗರು ಚದುರದಂತೆ ನೋಡಿಕೊಂಡವಳು ಶಾಂತಕುಮಾರಿ. ಹೈಸ್ಕೂಲು ಮುಗಿಸಿ ಕಾಲೇಜು ಸೇರಿದ್ದರೂ ಸಂಜೆ ಪಿಟೀಲು ಹಿಡಿದು ಬರುವುದನ್ನು ಅವಳು ಬಿಟ್ಟಿರಲಿಲ್ಲ. ಮೇಷ್ಟ್ರು ಎದ್ದು ಓಡಾಡುವಂತಾದ ಮೇಲೂ, "ಇನ್ನೊಂದು ವಾರ ಸುಧಾರಿಸ್ಕೊಳ್ಳಿ ಸಾರ್" ಎಂದು ಕೋಲನ್ನು ತಾನೇ ಇಟ್ಟುಕೊಂಡಿದ್ದಳು. ಆ ವಾರದಲ್ಲೇ ಬೆಂಗಳೂರಿನಿಂದ ಪಿಂಟೋ ಬಂದರು.

ಪಿಂಟೋ ಮೇಷ್ಟ್ರ ಪಕ್ಕದಲ್ಲೇ ಕೂತಿದ್ದರು. ಬೆಳ್ಳಗಿನ ತಲೆ, ತೆಳ್ಳಗಿನ ಮೈ, ಮೊಣಕಾಲ ಮೇಲೆ ಹ್ಯಾಟು. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟ ಹೊಸತು ಅದು. ಊರೂರಿನ ಹುಡುಗ ಹುಡುಗಿಯರನ್ನು ಸೇರಿಸಿ ಒಂದು ದೊಡ್ಡ ವಾದ್ಯಗೋಷ್ಠಿ ಕಟ್ಟಬೇಕೆಂದು ಬೆಂಗಳೂರಿನ ಸಂಗೀತ ಸಂಘವೊಂದು ಹೊರಟಿತ್ತು. ಅದನ್ನು ನಡೆಸುವ ಹೊಣೆ ಪಿಂಟೋ ಅವರದು. ಅವರು ಬರುತ್ತಾರೆಂದು ತಿಳಿದ ದಿನವೇ ಮೇಷ್ಟ್ರು ಪೆಟ್ಟಿಗೆಯ ತಳದಿಂದ ಮೈಸೂರಿನ ಕಾಲದ ಕೋಟು ತೆಗೆಸಿ ಇಸ್ತ್ರಿ ಮಾಡಿಸಿಟ್ಟಿದ್ದರು. ಮೊದಲ ಒಂದೆರಡು ಹಾಡನ್ನು ಹುಡುಗಿ ನಡೆಸಲಿ, ಆಮೇಲೆ ತಾನು ಎದ್ದು ಕೋಲು ತೆಗೆದುಕೊಳ್ಳುವುದು ಎಂದು ಮನಸ್ಸಿನಲ್ಲಿ ಲೆಕ್ಕ ಹಾಕಿದ್ದರು.

ಎರಡನೆಯ ಹಾಡಿನ ನಡುವೆ ಒಂದು ಕೊಳಲಿನ ಸ್ವರ ಸ್ವಲ್ಪ ಇಳಿಯಿತು. ಅಷ್ಟು ಡ್ರಮ್ಮು, ಬ್ಯೂಗಲ್ಲು, ಹಾರ್ಮೋನಿಯಂಗಳ ನಡುವೆ ಇಳಿಯಿತೋ ಇಲ್ಲವೋ ಎಂದು ಮೇಷ್ಟ್ರಿಗೇ ಸಂಶಯವಾಯಿತು. ಶಾಂತಕುಮಾರಿ ಆ ಕಡೆ ತಿರುಗಲೂ ಇಲ್ಲ. ಬಲಗೈಯಲ್ಲಿ ತಾಳ ಬಿಡದೆ, ಎಡಗೈಯ ಎರಡು ಬೆರಳನ್ನು ಕೊಳಲಿನವರ ಕಡೆ ಚಾಚಿ ಮೆಲ್ಲಗೆ ಮೇಲೆತ್ತಿದಳು. ತಪ್ಪಿದ ಹುಡುಗ ತುಟಿ ಸರಿಮಾಡಿಕೊಂಡ. ಸ್ವರ ಬಂದು ಜಾಗಕ್ಕೆ ಕೂತಿತು. ಪಿಂಟೋ ಮುಂದಕ್ಕೆ ಬಾಗಿದರು.

ಅದು ಮುಗಿಯುತ್ತಿದ್ದಂತೆ ಮೇಷ್ಟ್ರು ಕೋಟಿನ ಗುಂಡಿ ಹಾಕಿಕೊಂಡು ಏಳಲು ಹೋದರು. ಪಿಂಟೋ ಅವರ ತೋಳಿನ ಮೇಲೆ ಕೈಯಿಟ್ಟರು.

"ಸಾಕು, ಸಾಕು. ನೀವು ಆಯಾಸ ಮಾಡ್ಕೋಬೇಡಿ. ನನಗೆ ಬೇಕಾದ್ದು ಕೇಳಿಸ್ತು."

ಹೆಡ್‌ಮಾಸ್ಟರ ಕೋಣೆಯಲ್ಲಿ ಉಪ್ಪಿಟ್ಟು ಕಾಫಿಯಾಯಿತು. ಪಿಂಟೋ ಕೇಳಿದರು: "ಆ ಹುಡುಗಿಗೆ ಎಡಗೈ ಯಾರು ಹೇಳಿಕೊಟ್ಟಿದ್ದು?"

"ನಾನೇ ಸಾರ್."

"ಬಲಗೈ ನಿಮ್ಮದು. ನೋಡಿದ ಕೂಡಲೇ ಗೊತ್ತಾಗುತ್ತೆ. ಎಡಗೈ ಅವಳದೇ." ಪಿಂಟೋ ನಕ್ಕರು. "ನನಗೂ ವಯಸ್ಸಾಯ್ತು ಚಿಕ್ಕರಂಗಯ್ಯ. ಈ ಕೆಲಸ ಮುಂದೆ ನಡೆಸೋಕೆ ಇಬ್ಬರನ್ನ ತಯಾರು ಮಾಡ್ಬೇಕು. ಒಬ್ಬ ಹುಡುಗ ಸಿಕ್ಕಿದಾನೆ. ಇನ್ನೊಬ್ಬರು ಇವಳು. ಎರಡು ವರ್ಷ ನನ್ನ ಪಕ್ಕದಲ್ಲಿರಲಿ. ಊಟ, ಹಾಸ್ಟೆಲು ಎಲ್ಲಾ ಸಂಘದ್ದು."

ಮೇಷ್ಟ್ರು ಉಪ್ಪಿಟ್ಟಿನ ತಟ್ಟೆಯನ್ನು ಪಕ್ಕಕ್ಕಿಟ್ಟರು. "ಚಿಕ್ಕವರೇ ಆಗ್ಬೇಕಾ ಸಾರ್? ಅನುಭವ ಇರೋವ್ರು ಯಾರಾದ್ರೂ..."

"ಅನುಭವ ಇರೋವ್ರು ಕಲಿತಿದ್ದನ್ನ ಬಿಡೋದಿಲ್ಲ. ನೀವು ಇಲ್ಲೇ ಇರಿ. ನಿಮ್ಮಂಥವರು ಇಂಥ ಊರಲ್ಲಿದ್ರೇ ಅಲ್ವೇ ಇಂಥ ಮಕ್ಕಳು ನಮಗೆ ಸಿಗೋದು?"

ಅದನ್ನು ಅವರು ಮೆಚ್ಚುಗೆಯಾಗಿಯೇ ಹೇಳಿದರು. ಹೆಡ್‌ಮಾಸ್ಟರೂ ಹೌದೆಂದು ತಲೆಯಾಡಿಸಿದರು. ಮೇಷ್ಟ್ರು ನಗುವ ಪ್ರಯತ್ನ ಮಾಡಿ ಲೋಟ ಎತ್ತಿಕೊಂಡರು.

ಚಿಕ್ಕರಂಗಯ್ಯ ಹಂದನಕೆರೆಯವರು. ಅವರಪ್ಪ ಮದುವೆ ಮನೆಗಳಲ್ಲಿ ವಾಲಗ ಊದುತ್ತಿದ್ದ. ಎಲ್ಲರ ಊಟವಾದ ಮೇಲೆ ಚಪ್ಪರದ ಹೊರಗೆ ಕೂತು ಉಣ್ಣುತ್ತಿದ್ದ. ಹಾಗೆ ಕೂತು ಉಣ್ಣಲಾರೆನೆಂದು ಮಗ ಚಿಕ್ಕ ವಯಸ್ಸಿಗೇ ಸೋದರಮಾವನ ಜೊತೆ ಮೈಸೂರು ಸೇರಿದ. ಅಲ್ಲೊಂದು ಬ್ಯಾಂಡಿನಲ್ಲಿ ಹಿತ್ತಾಳೆ ವಾದ್ಯಗಳನ್ನು ಉಜ್ಜುವ ಕೆಲಸದಿಂದ ಶುರುಮಾಡಿ, ಕ್ಲಾರಿಯೊನೆಟ್ ಕಲಿತು, ಐದು ಗೆರೆಯ ಇಂಗ್ಲಿಷ್ ಸ್ವರಲಿಪಿ ಓದುವುದನ್ನೂ ಕಲಿತ. ಅಲ್ಲಿಯ ಬ್ಯಾಂಡ್ ಮಾಸ್ಟರು ಮುದುಕರು. ಬೆಳಗಿನ ಅಭ್ಯಾಸಕ್ಕೆ ಇವನ ಕೈಗೆ ಕೋಲು ಕೊಟ್ಟು ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. "ನಾನಾದ ಮೇಲೆ ನೀನೇ ಕಣಯ್ಯ" ಎನ್ನುತ್ತಿದ್ದರು. ಅವರಾದ ಮೇಲೆ ಆ ಕೆಲಸ ಚಿಕ್ಕರಂಗಯ್ಯನವರಿಗೆ ಸಿಗಲಿಲ್ಲ. ಮೆಟ್ರಿಕ್ ಪಾಸಾದವರು ಬೇಕೆಂದರು. ಎಲ್ಲಿಂದಲೋ ಒಬ್ಬ ಯುವಕ ಬಂದ. ಅವನ ಕೋಲು ನೋಡಿಕೊಂಡು ಒಂದು ವರ್ಷ ಊದಿ, ಮನಸ್ಸು ತಡೆಯದೆ ಬಿಟ್ಟು, ತಿಪಟೂರಿಗೆ ಬಂದು ಹೈಸ್ಕೂಲಿನಲ್ಲಿ ಡ್ರಿಲ್ ಮಾಡಿಸುತ್ತ ಬ್ಯಾಂಡು ಕಟ್ಟಿದರು.

ಬ್ಯಾಂಡು ಕಟ್ಟಿದ್ದು ಸುಳ್ಳಲ್ಲ. ಸ್ವಾತಂತ್ರ್ಯ ದಿನದಂದು ಆ ಮಕ್ಕಳು ನುಡಿಸುತ್ತ ಹೊರಟರೆ ಕೊಬ್ಬರಿ ಮಂಡಿಯ ಹಮಾಲರು ಚೀಲ ಇಳಿಸಿ ನಿಲ್ಲುತ್ತಿದ್ದರು. ಶಾಂತಕುಮಾರಿಯನ್ನು ಮೊದಲ ಸಲ ಕರೆತಂದಾಗ ಅವಳು ಉದ್ದ ಜಡೆಯ ಚಿಕ್ಕ ಹುಡುಗಿ. ಅವಳಪ್ಪ ಕಾಡಸಿದ್ದಪ್ಪ ತಿಪಟೂರಿನಲ್ಲಿ ಮಂಡಿ, ಕಿಬ್ಬನಹಳ್ಳಿಯ ಹತ್ತಿರ ತೆಂಗಿನ ತೋಟ ಇಟ್ಟುಕೊಂಡಿದ್ದ ಸ್ಥಿತಿವಂತರು. ಹೆಂಡತಿ ತೀರಿಕೊಂಡ ಮೇಲೆ ಒಬ್ಬಳೇ ಮಗಳು ಮಾತು ಕಡಿಮೆ ಮಾಡಿದ್ದಾಳೆಂದು, ಹಾಡೋ ಪಾಡೋ ಏನಾದರೂ ಕಲಿಯಲಿ ಎಂದು ತಂದು ಬಿಟ್ಟಿದ್ದರು.

ಪಿಂಟೋ ಬಂದುಹೋದ ನಂತರದ ಭಾನುವಾರ ಬೆಳಿಗ್ಗೆ ಕಾಡಸಿದ್ದಪ್ಪನವರು ಮೇಷ್ಟ್ರ ಮನೆಯ ಬಾಗಿಲಿಗೇ ಬಂದರು. ಮೇಷ್ಟ್ರ ಹೆಂಡತಿ ರಾಮಕ್ಕ ಗಾಬರಿಯಾಗಿ ಚಾಪೆ ಕೊಡವಿ ಹಾಸಿದಳು. ಅವರು ಇಂಥ ಮನೆಯೊಳಗೆ ಹೆಜ್ಜೆಯಿಟ್ಟವರಲ್ಲ; ಕಂಡವರ ಮನೆಯಲ್ಲಿ ನೀರು ಮುಟ್ಟಿದವರಲ್ಲ. ಚಾಪೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ರಾಮಕ್ಕ ಹೆದರಿ ಹೆದರಿ ತಂದಿಟ್ಟ ಕಾಫಿಯನ್ನು ಎತ್ತಿ ಕುಡಿದೇ ಬಿಟ್ಟರು.

"ನೋಡಿ ಮೇಷ್ಟ್ರೇ, ಅದೇನೋ ಕಂಡಕ್ಟರ್ ಕೆಲಸ ಕಲುಸ್ತಾರಂತೆ. ನಾನು ಬಸ್ಸಿಂದು ಅಂದ್ಕಂಡೆ. ನಮ್ಮುಡುಗಿ ಬಿದ್ದು ಬಿದ್ದು ನಕ್ಕಳು. ಅವರವ್ವ ಹೋದ ಮ್ಯಾಲೆ ಅಂಗೆ ನಕ್ಕಿದ್ದು ನಾನು ಕಂಡಿರ್ಲಿಲ್ಲ." ಅವರು ಲೋಟ ಕೆಳಗಿಟ್ಟರು. "ನೆಂಟರು ಬ್ಯಾಡ ಅಂತಾರೆ. ವಯಸ್ಸಿಗೆ ಬಂದ ಹುಡುಗೀನ ಬೆಂಗ್ಳೂರಿಗೆ ಕಳುಸ್ತೀಯಾ ಅಂತಾರೆ. ಅವರು ಅನ್ಲಿ ಬುಡಿ. ನಂಗೆ ಈ ಸಂಗೀತ ತಿಳಿಯಾಕಿಲ್ಲ. ತಿಳಿದೋರು ನೀವು. ಕಳುಸು ಅನ್ನಿ, ನಾಳೇನೇ ಕಳುಸ್ತೀನಿ. ಬ್ಯಾಡ ಅನ್ನಿ, ಬುಡ್ತೀನಿ."

ಮೇಷ್ಟ್ರು ಬಾಗಿಲಾಚೆ ನೋಡಿದರು. ಬೀದಿಯಲ್ಲಿ ಕೊಬ್ಬರಿ ಚೀಲ ಹೇರಿದ ಗಾಡಿಯೊಂದು ಹೋಗುತ್ತಿತ್ತು. ಅದು ತಿರುವಿನಲ್ಲಿ ಕಣ್ಮರೆಯಾಯಿತು. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಬಾಯಿ ತೆರೆದಾಗ ಬೇರೆಯದೇ ಬಂತು.

"ಹುಡುಗಿ ಬುದ್ಧಿವಂತೆ ಸ್ವಾಮಿ. ತಾಳ ಗಟ್ಟಿ. ಕೈ ನೋಡೋಕೆ ಚೆಂದ. ಆದ್ರೆ..."

"ಹೇಳಿ, ಹೇಳಿ."

"ಕಿವಿ ಸಾಲದು. ಸ್ವರ ಏರಿದ್ದು ಇಳಿದಿದ್ದು ಅವಳಿಗೆ ಗೊತ್ತಾಗಲ್ಲ. ಇಲ್ಲಾದ್ರೆ ನಾನಿದೀನಿ, ಸರಿ ಮಾಡ್ಕೋತೀನಿ. ಅಲ್ಲಿ ಅಷ್ಟು ಜನದ ಮುಂದೆ ನಿಂತು ತಪ್ಪಿದ್ರೆ ಮಗು ಮನಸ್ಸು ಮುರಿದುಹೋಗುತ್ತೆ."

"ಮತ್ತೆ ಆ ಬೆಂಗ್ಳೂರಿನವರು?"

"ಒಂದು ದಿನ ನೋಡಿದೋರು ಅವರು. ನಾನು ಇಷ್ಟು ವರ್ಷದಿಂದ ನೋಡಿದೀನಿ."

ಕಾಡಸಿದ್ದಪ್ಪ ಮೇಷ್ಟ್ರ ಎರಡೂ ಕೈ ಹಿಡಿದುಕೊಂಡರು. "ನಿಜ ಹೇಳಿ ದೊಡ್ಡ ಉಪಕಾರ ಮಾಡಿದ್ರಿ. ಬೇರೆಯೋರಾಗಿದ್ರೆ ನನ್ನ ಮುಖ ನೋಡ್ಕಂಡು ಒಳ್ಳೇ ಮಾತು ಆಡ್ತಿದ್ರು."

ಅವರು ಹೋದ ಮೇಲೆ ರಾಮಕ್ಕ ಅಡುಗೆಮನೆಯಿಂದ ಬಂದು ಲೋಟ ಎತ್ತಿಕೊಂಡಳು. ಒಳಗೆ ಹೋಗಲಿಲ್ಲ.

"ಹಂಗ್ಯಾಕಂದ್ರಿ? ರೋಡಲ್ಲಿ ಹೋಗೋವಾಗ್ಲೇ ಯಾರ ಕೊಳಲು ತಪ್ಪೈತೆ ಅಂತ ಹೇಳ್ತಾಳೆ ಅಂತ ನೀವೇ ಹೇಳಿದ್ರಲ್ಲ?"

"ನಿನಗೇನು ತಿಳಿಯುತ್ತೆ? ಸುಮ್ನಿರು."

"ನಂಗೇನೂ ತಿಳಿಯಾಕಿಲ್ಲ. ಈಗ್ಲೇ ಎದ್ದು ಹೋಗಿ, ತಪ್ಪಾಗಿ ಹೇಳ್ಬುಟ್ಟೆ ಅನ್ನಿ. ಅಯ್ಯನೋರು ಇನ್ನೂ ತಿರುವಿನತ್ರ ಇರ್ತಾರೆ."

ಮೇಷ್ಟ್ರು ಏಳಲಿಲ್ಲ. ಒಂದು ವರ್ಷ ತಡವಾದರೆ ಏನೂ ಹಾಳಾಗುವುದಿಲ್ಲ, ಮುಂದಿನ ವರ್ಷ ತಾನೇ ಕಳಿಸಿಕೊಟ್ಟರಾಯಿತು ಎಂದು ತಮಗೆ ತಾವೇ ಹೇಳಿಕೊಂಡರು. ಹುಡುಗಿಯಿಲ್ಲದಿದ್ದರೆ ಪಿಂಟೋ ತನ್ನನ್ನೇ ಕರೆಸಿಕೊಂಡಾರು ಎಂಬ ಆಸೆ ಅದರ ಅಡಿಯಲ್ಲಿತ್ತು. ಅದನ್ನು ಮಾತ್ರ ಅವರು ಹೇಳಿಕೊಳ್ಳಲಿಲ್ಲ.

ಮರುದಿನ ಸಂಜೆ ಶಾಂತಕುಮಾರಿ ಎಂದಿನಂತೆ ಬಂದಳು. ಕೋಲನ್ನು ಮೇಷ್ಟ್ರ ಮೇಜಿನ ಮೇಲಿಟ್ಟು ಹಿಂದಕ್ಕೆ ಹೋಗಿ ಪಿಟೀಲಿನವರ ಜೊತೆ ಕೂತಳು. ಅಭ್ಯಾಸ ಮುಗಿದು ಮಕ್ಕಳೆಲ್ಲ ಹೋದ ಮೇಲೆ ಎದುರಿಗೆ ಬಂದು ನಿಂತಳು. ಅತ್ತಿರಲಿಲ್ಲ. ಕಣ್ಣಲ್ಲಿ ಸಿಟ್ಟೂ ಇರಲಿಲ್ಲ. ಇದ್ದಿದ್ದರೆ ಮೇಷ್ಟ್ರಿಗೆ ಸುಲಭವಾಗುತ್ತಿತ್ತು.

"ಅಪ್ಪ ಹೇಳಿದ್ರು ಸಾರ್. ಮೊದಲೇ ನನಗೆ ಹೇಳ್ಬೋದಿತ್ತಲ್ಲ. ತಿದ್ಕೋತಿದ್ದೆ."

"ಬೇಜಾರಾಗುತ್ತೆ ಅಂತ..."

"ಎಲ್ಲಿ ತಪ್ತೀನಿ ತೋರ್ಸಿ ಸಾರ್. ಈಗ್ಲೇ ನುಡಿಸ್ತೀನಿ."

ಅವಳು ಪಿಟೀಲು ಭುಜಕ್ಕಿಟ್ಟು ಒಂದು ಉದ್ದನೆಯ ಸ್ವರ ಎಳೆದಳು. ಅದು ಇರಬೇಕಾದ ಜಾಗದಲ್ಲೇ ಇತ್ತು. ಆ ಖಾಲಿ ಹಾಲಿನಲ್ಲಿ ಅಷ್ಟು ಸ್ವಚ್ಛವಾದ ಸ್ವರವನ್ನು ಮೇಷ್ಟ್ರು ಕೇಳಿರಲಿಲ್ಲ. ಈಗಲಾದರೂ ಹೇಳಿಬಿಡಬಹುದಿತ್ತು. ಆದರೆ ನಿನ್ನೆಯ ಮಾತಿಗೆ ಇಂದು ಏನು ಹೇಳುವುದು?

"ಒಂದೆಳೆ ಇಳಿದಿದೆ" ಎಂದರು.

ಶಾಂತಕುಮಾರಿ ಹುಬ್ಬು ಗಂಟಿಕ್ಕಿ ಬೆರಳನ್ನು ಕೂದಲೆಳೆಯಷ್ಟು ಸರಿಸಿದಳು. ಸ್ವರ ಏರಿತು, ತಪ್ಪಿತು.

"ಈಗ?"

"ಈಗ ಪರವಾಗಿಲ್ಲ."

ಅವಳು ತಲೆಯಾಡಿಸಿದಳು. ಅದೇ ತಪ್ಪು ಸ್ವರವನ್ನು ಮತ್ತೆ ಮತ್ತೆ ಎಳೆದು, ಕಣ್ಣು ಮುಚ್ಚಿ, ಅದನ್ನು ಕಿವಿಗೆ ಒಗ್ಗಿಸಿಕೊಳ್ಳತೊಡಗಿದಳು. ನಂತರದ ದಿನಗಳಲ್ಲೂ ಹಾಗೆಯೇ ನಡೆಯಿತು. ಅವಳು ನುಡಿಸುವುದು, ಕೇಳುವುದು, ಮೇಷ್ಟ್ರು ಏನಾದರೊಂದು ಹೇಳುವುದು. ಒಮ್ಮೊಮ್ಮೆ ನಾಚಿಕೆಯಾಗಿ "ಸರಿಯಾಗಿದೆ" ಎಂದರೆ, "ಸುಮ್ನೆ ಸಮಾಧಾನಕ್ಕೆ ಹೇಳ್ಬೇಡಿ ಸಾರ್" ಎನ್ನುತ್ತಿದ್ದಳು. ಕ್ರಮೇಣ ಒಂದು ಸ್ವರ ಹಿಡಿದರೆ ಅಲ್ಲೇ ನಿಲ್ಲಲಾರದಾದಳು. ಬೆರಳು ಆಚೆಗೊಮ್ಮೆ ಈಚೆಗೊಮ್ಮೆ ಜಾರುತ್ತಿತ್ತು. ಎಷ್ಟೋ ವರ್ಷ ಮಕ್ಕಳ ಕಿವಿ ತಿದ್ದಿದ್ದ ಮೇಷ್ಟ್ರಿಗೆ ತಾವು ಏನು ಮಾಡುತ್ತಿದ್ದೇವೆಂದು ಗೊತ್ತಿತ್ತು. ದಸರಾ ರಜೆ ಮುಗಿದು ಶಾಲೆ ಶುರುವಾದಾಗ ಅವಳು ಬರಲಿಲ್ಲ. ಪಿಟೀಲನ್ನು ಮಂಡಿಯ ಆಳಿನ ಕೈಯಲ್ಲಿ ಕಳಿಸಿದ್ದಳು, ಬೇರೆ ಯಾರಾದರೂ ಮಕ್ಕಳಿಗೆ ಆಗಲಿ ಎಂದು.

ಪಿಂಟೋ ಅವರಿಂದ ಮೇಷ್ಟ್ರಿಗೆ ಕರೆ ಬರಲಿಲ್ಲ. ಮುಂದೊಂದು ಸಂಜೆ ಪೇಟೆಯ ಹೋಟೆಲಿನ ರೇಡಿಯೋದಲ್ಲಿ ಆ ವಾದ್ಯಗೋಷ್ಠಿ ಬಂತು. ನಡೆಸಿದವನು ಧಾರವಾಡದ ಕಡೆಯ ಯಾರೋ ಹುಡುಗ. ಚೆನ್ನಾಗಿಯೇ ನಡೆಸಿದ. ಮೇಷ್ಟ್ರು ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು. ಆಮೇಲೂ ಸ್ವಾತಂತ್ರ್ಯ ದಿನಕ್ಕೆ, ರಾಜ್ಯೋತ್ಸವಕ್ಕೆ ಅವರ ಬ್ಯಾಂಡು ನುಡಿಯಿತು. ಆದರೆ ಒಂದು ಮಗು ಸ್ವಲ್ಪ ಚೆನ್ನಾಗಿ ನುಡಿಸಿದರೆ ಅವರು ಏನೂ ಹೇಳದೆ ಮುಂದೆ ಹೋಗುತ್ತಿದ್ದರು. ಮಕ್ಕಳು ಅದನ್ನು ಮೇಷ್ಟ್ರ ಬಿಗಿ ಎಂದುಕೊಂಡರು.

ಶಾಂತಕುಮಾರಿಗೆ ಮದುವೆಯಾಯಿತು. ಗಂಡ ತುರುವೇಕೆರೆಯ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದ ತೋಂಟದಾರ್ಯ. ಒಳ್ಳೆಯವನು, ಮಾವನ ಮನೆಗೇ ಬಂದು ಇದ್ದ. ಕಾಡಸಿದ್ದಪ್ಪ ತೀರಿಕೊಂಡ ಮೇಲೆ ಮಂಡಿ, ತೋಟ ಎರಡನ್ನೂ ಅವಳೇ ನೋಡಿಕೊಂಡಳು. ಕೊಬ್ಬರಿಯ ಬೆಲೆ ಗೊತ್ತುಮಾಡುವ ಟೆಂಡರಿನ ದಿನ ಅವಳು ಬಂದು ನಿಂತರೆ ದೊಡ್ಡ ದೊಡ್ಡ ವರ್ತಕರೂ ಜಾಗ ಬಿಡುತ್ತಾರೆಂದು ಜನ ಹೇಳುತ್ತಿದ್ದರು. ದಾರಿಯಲ್ಲಿ ಸಿಕ್ಕರೆ ಸೆರಗು ಹೊದ್ದು ನಮಸ್ಕಾರ ಮಾಡುತ್ತಿದ್ದಳು. ಮೇಷ್ಟ್ರು ಅವಳನ್ನು ದೂರದಲ್ಲಿ ಕಂಡರೆ ಬೇರೆ ಬೀದಿ ಹಿಡಿಯುತ್ತಿದ್ದರು.

ಮೇಷ್ಟ್ರು ನಿವೃತ್ತರಾದ ಮರುವರ್ಷ ಹೈಸ್ಕೂಲಿಗೆ ಹೊಸ ಹೆಡ್‌ಮಾಸ್ಟರು ಬಂದರು. ನಿಂತುಹೋಗಿದ್ದ ಬ್ಯಾಂಡನ್ನು ಮತ್ತೆ ಶುರುಮಾಡಿಕೊಡಿ ಎಂದು ಅವರು ಮನೆಗೆ ಬಂದು ಕೇಳಿದರು. ಈ ಸಲ ಎಂಟನೇ ಕ್ಲಾಸಿಗೆ ಸೇರಿದವರಲ್ಲಿ ಮಂಡಿ ಶಾಂತಕುಮಾರಿಯವರ ಮಗಳೂ ಇದ್ದಾಳೆ, ಗಿರಿಜಾಂಬಿಕಾ ಅಂತ, ಎಂದು ಮಾತಿನ ನಡುವೆ ಹೇಳಿದರು. ಅವರು ಹೋದ ಮೇಲೆ ರಾಮಕ್ಕ ಗಂಡನ ಮುಖವನ್ನೇ ನೋಡಿದಳು. ಆ ಭಾನುವಾರದ ವಿಷಯ ಅವಳು ಇಷ್ಟು ವರ್ಷದಲ್ಲಿ ಮತ್ತೆ ಎತ್ತಿರಲಿಲ್ಲ.

"ಈಗ್ಲಾದ್ರೂ ಹೋಗ್ಬನ್ನಿ" ಎಂದಳು.

ಮೇಷ್ಟ್ರು ಬೆಳಗಿನ ಬಸ್ಸು ಹತ್ತಿ ಕಿಬ್ಬನಹಳ್ಳಿಯಲ್ಲಿ ಇಳಿದು, ತೋಟದ ದಾರಿ ಹಿಡಿದು ನಡೆದರು. ತೋಟದ ಮನೆಯ ಅಂಗಳದಲ್ಲಿ ಕೊಬ್ಬರಿಯಾಗಲೆಂದು ತಿಂಗಳುಗಟ್ಟಲೆ ಅಟ್ಟದಲ್ಲಿಟ್ಟು ಇಳಿಸಿದ ಕಾಯಿ ರಾಶಿ ಬಿದ್ದಿತ್ತು. ಆಳುಗಳು ಸುಲಿಗೋಲಿನ ಮುಂದೆ ನಿಂತು ಕಾಯಿ ಸುಲಿಯುತ್ತಿದ್ದರು. ರಾಶಿಯ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತಿದ್ದ ಶಾಂತಕುಮಾರಿ ಕಾಯಿಗಳನ್ನು ಒಂದೊಂದಾಗಿ ಎತ್ತಿ ಅಲುಗಾಡಿಸಿ ಬಲಕ್ಕೊಂದು ಎಡಕ್ಕೊಂದು ಎಸೆಯುತ್ತಿದ್ದಳು. ನೀರು ಪೂರ್ತಿ ಆರಿ ಒಳಗೆ ಕೊಬ್ಬರಿ ಬಿಟ್ಟುಕೊಂಡಿದ್ದರೆ ಒಂದು ಸದ್ದು. ಇನ್ನೂ ಆಗಿಲ್ಲದಿದ್ದರೆ ಇನ್ನೊಂದು. ಹೊಸಬರಿಗೆ ಎರಡೂ ಒಂದೇ.

"ಸಾರ್!" ಅವಳು ತಟ್ಟನೆ ಎದ್ದಳು. ಮೈ ತುಂಬಿಕೊಂಡಿತ್ತು, ಕಿವಿಯ ಪಕ್ಕ ಒಂದೆರಡು ಕೂದಲು ಬೆಳ್ಳಗಾಗಿದ್ದವು. "ಹೇಳಿ ಕಳ್ಸಿದ್ರೆ ನಾನೇ ಬತ್ತಿದ್ದೆ. ಏ ಹುಚ್ಚಕ್ಕ, ಮೇಷ್ಟ್ರಿಗೆ ಕುರ್ಚಿ ತಂದುಕೊಡು. ಎಳನೀರು ಕೊಚ್ಚು."

ಎಳನೀರು ಕುಡಿಯುವವರೆಗೆ ಅವಳು ರಾಮಕ್ಕನ ಮಂಡಿನೋವು ವಿಚಾರಿಸಿದಳು. ಮೇಷ್ಟ್ರು ಬ್ಯಾಂಡಿನ ಮಾತೆತ್ತಿ ಮಗಳನ್ನು ಕಳಿಸು ಎಂದರು. ಶಾಂತಕುಮಾರಿ ನಕ್ಕಳು.

"ಬ್ಯಾಡಿ ಸಾರ್. ಅವಳಿಗೂ ನನ್ನ ಕಿವೀನೇ ಬಂದಿರುತ್ತೆ. ಮನೇಲಿ ಏನಾದ್ರೂ ಗುನುಗ್ತಿರ್ತಾಳೆ. ನಾನೇ ಸುಮ್ನಿರು ಅಂತೀನಿ. ಸರೀನೋ ತಪ್ಪೋ ಹೇಳೋಕೆ ನನಗೆಲ್ಲಿ ಗೊತ್ತಾಗುತ್ತೆ? ಆಸೆ ಹುಟ್ಸಿ ಆಮೇಲೆ ಇಲ್ಲ ಅನ್ನೋದು ಬ್ಯಾಡ."

ಮೇಷ್ಟ್ರು ಎಳನೀರಿನ ಬುರುಡೆಯನ್ನು ಕಾಲ ಬಳಿ ಇಟ್ಟರು. ಅದು ಉರುಳಿತು. ಅವರು ಎತ್ತಲಿಲ್ಲ.

"ಶಾಂತಾ, ಅವತ್ತು ನಾನು ನಿಮ್ಮಪ್ಪನ ಹತ್ರ ಸುಳ್ಳು ಹೇಳಿದೆ ಕಣಮ್ಮ."

"ಏನು ಸಾರ್?"

"ನಿನ್ನ ಕಿವಿ ಸರಿಯಾಗೇ ಇತ್ತು. ನನಗಿಂತ ಚೆನ್ನಾಗಿತ್ತು. ಅವರು ನನ್ನ ಬಿಟ್ಟು ನಿನ್ನ ಕರೆದ್ರು. ನನಗೆ ತಡ್ಕೊಳ್ಳೋಕೆ ಆಗ್ಲಿಲ್ಲ."

ಸುಲಿಗೋಲಿನ ಸದ್ದು ನಡೆದೇ ಇತ್ತು. ಶಾಂತಕುಮಾರಿ ಅವರ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆ ನೋಟದಲ್ಲಿ ಏನೋ ಒಂದು ಎದ್ದು ಬಂದಂತಾಗಿ, ಹಾಗೇ ತಣ್ಣಗಾಯಿತು. ಮೃದುವಾಗಿ, ಕಾಯಿಲೆ ಬಿದ್ದವರ ಹತ್ತಿರ ಮಾತಾಡುವಂತೆ ಹೇಳಿದಳು:

"ಇದನ್ನೆಲ್ಲಾ ಯಾಕೆ ಮನಸ್ಸಿಗೆ ಹಚ್ಕೊಂಡಿದೀರಿ ಸಾರ್? ನಾನು ಯಾವತ್ತಾದ್ರೂ ನಿಮ್ಮನ್ನ ದೂರಿದೀನಾ? ನನ್ನ ಸಮಾಧಾನಕ್ಕೆ ಇಷ್ಟು ದೂರ ಬಂದ್ರಾ?"

"ಸಮಾಧಾನಕ್ಕಲ್ಲ, ನಿಜ ಕಣಮ್ಮ. ಅವತ್ತು ಹಾಲಿನಲ್ಲಿ ನೀನು ಮೊದಲು ನುಡಿಸಿದ್ದೇ ಸರಿ. ನಾನು ತಿದ್ದಿದ್ದು ತಪ್ಪು."

"ಇಲ್ಲ ಸಾರ್." ಅವಳು ತಲೆಯಾಡಿಸಿದಳು. "ಮೊದಮೊದಲು ನನಗೂ ನಂಬಿಕೆ ಬಂದಿರ್ಲಿಲ್ಲ. ಆಮೇಲಾಮೇಲೆ ನನಗೇ ಕೇಳಿಸ್ತಿತ್ತಲ್ಲ, ತಪ್ಪೋದು. ಯಾವ ಸ್ವರ ಹಿಡಿದ್ರೂ ತಪ್ಪೋದು. ನನ್ನ ಕಿವಿಯಾರ ನಾನೇ ಕೇಳಿದೀನಿ."

ಮೇಷ್ಟ್ರು ಕುರ್ಚಿಯಿಂದ ಎದ್ದರು.

"ಊಟ ಮಾಡ್ಕೊಂಡೇ ಹೋಗ್ಬೇಕು. ಬಸ್ಸಿಗೆ ಇನ್ನೂ ಹೊತ್ತಿದೆ" ಎನ್ನುತ್ತ ಅವಳು ಮತ್ತೆ ಮಣೆಯ ಮೇಲೆ ಕೂತಳು. ಹುಚ್ಚಕ್ಕ ರಾಶಿಯ ಆಚೆಯಿಂದ ಒಂದು ಕಾಯಿ ಹಿಡಿದುಕೊಂಡು ಬಂದಳು.

"ಅವ್ವಾ, ಇದೊಂದು ನೋಡಿ. ಎಷ್ಟು ಅಲ್ಲಾಡ್ಸಿದ್ರೂ ಗೊತ್ತಾಯ್ತಿಲ್ಲ."

ಶಾಂತಕುಮಾರಿ ಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಯ ಹತ್ತಿರ ತಂದಳು. ಸುಲಿಯುತ್ತಿದ್ದವರು ತಾವಾಗಿಯೇ ಕೈ ನಿಲ್ಲಿಸಿದರು. ಅಂಗಳದಲ್ಲಿ ಯಾವ ಸದ್ದೂ ಇರಲಿಲ್ಲ. ಅವಳು ಕಣ್ಣು ಮುಚ್ಚಿ, ಕಾಯಿಯನ್ನು ಮೆಲ್ಲಗೆ, ಒಂದೇ ಒಂದು ಸಲ ಅಲುಗಿಸಿದಳು.